ಮಲ್ಕಾಳ ಜ್ವರಕ್ಕೆ ಅಕ್ಬರಿಯ ಹೆಸರು

ಕೊಡಿಗೇಹಳ್ಳಿಯ ಮನೆಗಳಲ್ಲಿ ಆಸ್ಪತ್ರೆ ಚೀಟಿಗೆ ಆಯುಸ್ಸು ಕಡಿಮೆ. ಜ್ವರ ಇಳಿದ ಮೇಲೆ ಅದನ್ನು ಕೇಳುವವರಿಲ್ಲ. ಅಕ್ಬರಿಯ ಮನೆಯಲ್ಲಿ ಅದು ಅಕ್ಕಿ ಡಬ್ಬದ ಅಡಿಗೆ ಸೇರುತ್ತಿತ್ತು, ಇಲ್ಲವೇ ಗಂಡ ಮೊಯಿನುದ್ದೀನನ ಸೈಕಲ್ ಅಂಗಡಿಯಲ್ಲಿ ಗ್ರೀಸ್ ಒರೆಸಲು ಹೋಗುತ್ತಿತ್ತು. ಅದರಿಂದ ತೊಂದರೆಯೇನೂ ಆಗಿರಲಿಲ್ಲ. ಊರಿನ ಕ್ಲಿನಿಕ್ಕಿನ ಹಳೆಯ ಡಾಕ್ಟರಿಗೆ ಎಲ್ಲರ ಮುಖವೂ ಗೊತ್ತಿತ್ತು. ಯಾರಿಗೆ ಯಾವ ಔಷಧಿ ಆಗದು ಎಂಬುದು ಅವರ ತಲೆಯಲ್ಲೇ ಇತ್ತು; ಬರೆದಿಟ್ಟ ಕಾರ್ಡನ್ನು ಬೀರುವಿನಿಂದ ತೆಗೆಯುವ ಕೆಲಸ ಬೀಳುತ್ತಿರಲಿಲ್ಲ. 1988ರಲ್ಲಿ ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೊರಟರು. ತಲೆಯೂ ಅವರ ಜೊತೆಗೇ ಹೋಯಿತು.

ಹೊಸ ಡಾಕ್ಟರಮ್ಮ ಬಂದರು. ಅವರ ಹಿಂದೆಯೇ ಒಂದು ಕಂಪ್ಯೂಟರ್ ಬಂತು. ಟಿವಿಯಂಥ ಗಾಜು, ಟೈಪ್‌ರೈಟರಿನಂಥ ಕೀಲಿಗಳು. ಯಲಹಂಕದಿಂದ ಬರುತ್ತಿದ್ದ ಟೈಪಿಸ್ಟ್ ಹುಡುಗಿ ಬೀರುವಿನಲ್ಲಿದ್ದ ಹಳೆಯ ಕಾರ್ಡುಗಳನ್ನೆಲ್ಲ ಹೊರಗೆಳೆದಳು. ಧೂಳಿಗೆ ಸೀನುತ್ತ, ಹಳೆಯ ಡಾಕ್ಟರ ಸೊಟ್ಟ ಅಕ್ಷರ ಬಿಡಿಸಿ ಓದುತ್ತ, ತಿಂಗಳುಗಟ್ಟಲೆ ಕೂತು ಅದರೊಳಗೆ ತುಂಬಿಸಿದಳು. ಕರೆಂಟ್ ಹೋದರೆ ಅರ್ಧ ತುಂಬಿಸಿದ್ದೂ ಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಹುಡುಗಿ ಬಿಡಲಿಲ್ಲ. ಊರಿನವರು ಕಿಟಕಿಯಲ್ಲಿ ಇಣುಕಿ ನಕ್ಕರು. ನಗುವುದಕ್ಕೇನು, ಅದಕ್ಕೆ ಕರೆಂಟ್ ಬೇಡ.

ಆಗಲೇ ಅಕ್ಬರಿಯ ನಾದಿನಿ ಮಲ್ಕಾಳಿಗೆ ಜ್ವರ ಬಂತು. ಗಂಟಲು ಊದಿ ಎಂಜಲು ನುಂಗುವುದೂ ಕಷ್ಟವಾಯಿತು. ಮಾತು ನಿಂತಿತು. ಬೇರೆ ದಿನವಾಗಿದ್ದರೆ ಮನೆಯವರು ಇದನ್ನು ನೆಮ್ಮದಿ ಎಂದೇ ಎಣಿಸುತ್ತಿದ್ದರು. ಆದರೆ ಬರುವ ಶುಕ್ರವಾರ ಅವಳನ್ನು ನೋಡಲು ಚಿಕ್ಕಬಾಣಾವರದಿಂದ ಗಂಡಿನ ಕಡೆಯವರು ಬರುವವರಿದ್ದರು.

ಪಕ್ಕದ ಮನೆಯ ದ್ರೌಪದಮ್ಮ ಅಂಗನವಾಡಿ ಟೀಚರು. ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು.

“ಏನೇ ಅಕ್ಬರಿ, ಮಲ್ಕಾ ದನೀನೇ ಇಲ್ಲ? ಬೀದಿನೇ ತಣ್ಣಗಾಗೋಗಿದೆ.”

“ಗಂಟ್ಲು ಅಕ್ಕಾ. ಉಪ್ಪುನೀರು ಆಯ್ತು, ಅರಿಶಿನದ ಹಾಲೂ ಆಯ್ತು. ಬಗ್ತಾ ಇಲ್ಲ.”

“ಕ್ಲಿನಿಕ್‌ಗೆ ಕರ್ಕೊಂಡ್ಹೋಗು ಮತ್ತೆ.”

“ಹೋಗ್ಬೌದು. ಆ ಪೆಟ್ಟಿಗೆಗೆ ಹೆಸ್ರು ಹೇಳ್ಬೇಕಲ್ಲ! ಮದ್ವೆ ಆಗ್ದಿರೋ ಹುಡ್ಗಿ. ನಾಳೆ ಗಂಡಿನ ಕಡೆಯೋರು ಹೋಗಿ ಒಂದ್ ಬಟನ್ ಒತ್ತಿದ್ರೆ, ಇವ್ಳು ಕಾಯ್ಲೆಯೋಳು ಅಂತ ತೋರ್ಸ್‌ಬಿಡುತ್ತೆ.”

“ಅದೇನ್ ಟೂರಿಂಗ್ ಟಾಕೀಸಾ, ಬಂದೋರ್ಗೆಲ್ಲ ತೋರ್ಸೋಕೆ? ಡಾಕ್ಟ್ರು ನೋಡ್ತಾರೆ, ಅಷ್ಟೇ ಕಣೇ. ನನ್ದೂ ಅದ್ರಲ್ಲಿದೆ. ನಂಗೆ ಬೀಪಿ ಇರೋದು ನಿಂಗ್ ಗೊತ್ತಿತ್ತಾ?”

“ಇಲ್ಲ!”

“ಗೋಡೆ ಪಕ್ಕ ಇರೋ ನಿಂಗೇ ಗೊತ್ತಾಗ್ಲಿಲ್ಲ. ಚಿಕ್ಕಬಾಣಾವರಕ್ಕೆ ಗೊತ್ತಾಗುತ್ತಾ?”

“ನಿಮ್ಗೇನಕ್ಕಾ, ನಿಮ್ ಮದ್ವೆ ಆಗೋಗಿದೆ.”

ದ್ರೌಪದಮ್ಮ ನಕ್ಕು ಒಳಗೆ ಹೋದರು. ಅಕ್ಬರಿ ಅಲ್ಲೇ ನಿಂತಳು. ತನ್ನ ಮದುವೆಯೂ ಆಗಿಹೋಗಿದೆ ಎಂಬುದು ಅವಳಿಗೆ ಹೊಳೆದದ್ದು ಆಗ. ತನ್ನ ಹೆಸರು ಯಾರು ನೋಡಿದರೇನು?

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಟೈಪಿಸ್ಟ್ ಹುಡುಗಿ ಕೇಳಿದಳು, “ಯಾರ್ಗೆ ಹುಷಾರಿಲ್ಲ? ಹೆಸ್ರು ಹೇಳಿ.”

ಅಕ್ಬರಿ ಮಲ್ಕಾಳನ್ನು ಮುಂದೆ ತಳ್ಳಿದಳು. “ಇವ್ಳಿಗೆ. ಅಕ್ಬರಿ ಅಂತ. ಗಂಡನ ಹೆಸ್ರು ಮೊಯಿನುದ್ದೀನ್.”

ಸ್ವಂತ ಅಣ್ಣನನ್ನೇ ಗಂಡನನ್ನಾಗಿ ಮಾಡಿದ್ದಕ್ಕೆ ಮಲ್ಕಾ ಕಣ್ಣು ಕೆಕ್ಕರಿಸಿದಳು. ದನಿ ಮಾತ್ರ ಏಳಲಿಲ್ಲ. ಯಂತ್ರ ಕರಕರ ಎಂದು ಒಂದು ಚೀಟಿ ಉಗುಳಿತು.

ಡಾಕ್ಟರಮ್ಮ ಟಾರ್ಚ್ ಹಾಕಿ ಗಂಟಲು ನೋಡಿದರು. “ಕೀವು ಕಟ್ಟಿದೆ. ಪೆನಿಸಿಲಿನ್ ಇಂಜೆಕ್ಷನ್ ಕೊಡೋಣ. ಮುಂಚೆ ತಗೊಂಡಾಗ ಏನಾದ್ರೂ ತೊಂದ್ರೆ ಆಗಿತ್ತಾ?”

ಮಲ್ಕಾ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಅಕ್ಬರಿ ಬಾಯಿ ಹಾಕಿದಳು: “ಏನೂ ಇಲ್ಲ ಡಾಕ್ಟ್ರಮ್ಮ. ಕಲ್ಲುಗುಂಡು ಇದ್ದಂಗವ್ಳೆ.”

ಡಾಕ್ಟರಮ್ಮ ಚೀಟಿ ನೋಡಿದರು. “ಹೌದು, ಹೋದ ವರ್ಷ ಇದೇ ಇಂಜೆಕ್ಷನ್ ತಗೊಂಡಿದೀರ. ಏನೂ ಆಗಿಲ್ಲ.” ಔಷಧಿ ಬರೆದರು. ಒಳಗೆ ನರ್ಸು ಸಿರಿಂಜು ಕುದಿಯಲು ಇಟ್ಟಳು. ಡಾಕ್ಟರಮ್ಮ ಚೀಟಿಯ ಕೆಳಗಿನ ಸಾಲುಗಳಿಗೆ ಬಂದರು. “ಮೂರು ಮಕ್ಕಳು. ಕೊನೇ ಹೆರಿಗೆ ಆಪರೇಷನ್. ಆ ಗಾಯ ಈಗ ನೋಯಲ್ಲ ತಾನೇ? ಮಲ್ಕೊಳ್ಳಿ, ಹೊಟ್ಟೆ ನೋಡ್ತೀನಿ.”

ಮಲ್ಕಾ ಸ್ಟೂಲಿನಿಂದ ಹಾರಿ ನಿಂತಳು. ಮೂರು ದಿನದಿಂದ ಹೊರಡದಿದ್ದ ದನಿ ಕರ್ಕಶವಾಗಿ ಹೊರಟಿತು.

“ಅಲ್ಲಾ ಕಸಮ್! ನಂಗೆ ಮದ್ವೇನೇ ಆಗಿಲ್ಲ! ಮಕ್ಳೂ ಇವ್ಳ್ದೇ, ಗಂಡಾನೂ ಇವ್ಳ್ದೇ, ಹೆಸ್ರೂ ಇವ್ಳ್ದೇ!”

ಬಾಗಿಲಲ್ಲಿ ನಿಂತಿದ್ದವರು ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು, “ನಿನ್ನ ಹೆಸ್ರೇನಮ್ಮ?” ಎಂದರು.

“ಮಲ್ಕಾ. ತಂದೆ ಮುಕ್ತಾರ್.”

ಯಂತ್ರ ಮತ್ತೆ ಕರಕರ ಎಂದಿತು. ಹೊಸ ಚೀಟಿ ಚಿಕ್ಕದು. ಡಾಕ್ಟರಮ್ಮ ಅದನ್ನು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಇಬ್ಬರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಿದರು.

“ಚಿಕ್ಕ ಹುಡುಗಿಯಾಗಿದ್ದಾಗ ಪೆನಿಸಿಲಿನ್ ಕೊಟ್ಟು ಮೈಯೆಲ್ಲ ಊದಿದೆ. ಉಸಿರು ಕಟ್ಟಿದೆ. ಕಷ್ಟಪಟ್ಟು ಉಳಿಸಿದಾರೆ. ಯಾವತ್ತೂ ಕೊಡಬೇಡಿ ಅಂತ ಬರ್ದಿದೆ.”

ಒಳಗಿನ ನರ್ಸಿಗೆ ಕೂಗಿ ಸಿರಿಂಜು ಬೇಡವೆಂದರು. ಬರೆದಿದ್ದ ಸಾಲನ್ನು ಹೊಡೆದುಹಾಕಿದರು.

ಅಕ್ಬರಿಗೆ ಅತ್ತೆ ಆಗಾಗ ಹೇಳುತ್ತಿದ್ದ ಮಾತು ನೆನಪಾಯಿತು: ಚಿಕ್ಕವಳಿದ್ದಾಗ ಮಲ್ಕಾಳಿಗೆ ದೃಷ್ಟಿ ತಾಗಿ ಮುಖ ಕುಂಬಳಕಾಯಿಯಂತೆ ಊದಿತ್ತಂತೆ. ಮನೆಯವರಿಗೆ ಅದು ದೃಷ್ಟಿಯೆಂದೇ ನಂಬಿಕೆ. ಸತ್ಯ ಬೀರುವಿನ ಕಾರ್ಡಿನಲ್ಲಿ ಬಿದ್ದಿತ್ತು. ಅದನ್ನು ಸೀನುತ್ತ ಓದಿ ತುಂಬಿಸಿದವಳು ಆ ಯಲಹಂಕದ ಹುಡುಗಿ.

“ನಾನ್ ಕೆಟ್ಟದ್ಕೆ ಮಾಡಿಲ್ಲಮ್ಮ,” ಎಂದಳು ಅಕ್ಬರಿ. “ಗಂಡಿನ ಕಡೆಯೋರ್ಗೆ ಗೊತ್ತಾಗ್ಬಾರ್ದು ಅಂತ…”

“ಸೂಜಿ ನಿಮ್ಮ ಹೆಸ್ರಿಗೆ ಚುಚ್ಚಲ್ಲ, ಅವಳ ಮೈಗೆ ಚುಚ್ಚುತ್ತೆ,” ಎಂದರು ಡಾಕ್ಟರಮ್ಮ. “ಈ ಯಂತ್ರಕ್ಕೆ ಬುದ್ಧಿ ಇಲ್ಲ. ನೀವು ಹೇಳಿದ್ದನ್ನ ನಂಬುತ್ತೆ. ನಾನೂ ಅದನ್ನ ನಂಬಿ ಬರೀತೀನಿ.”

ಟೈಪಿಸ್ಟ್ ಹುಡುಗಿ ಒಂದು ಮಾತು ಸೇರಿಸಿದಳು: “ನೋಡಿ ಬೂಬಮ್ಮ, ಇದನ್ನ ತೆಗೆಯೋಕೆ ಒಂದು ಗುಟ್ಟಿನ ಪದ ಇದೆ. ಅದು ನಂಗೂ ಡಾಕ್ಟ್ರಿಗೂ ಮಾತ್ರ ಗೊತ್ತು. ಗಂಡಿನ ಕಡೆಯೋರಿರ್ಲಿ, ನಮ್ಮಮ್ಮ ಬಂದು ಕೇಳಿದ್ರೂ ಹೇಳಲ್ಲ.”

ಬೇರೆ ಮಾತ್ರೆ ಕೊಟ್ಟರು. ಶುಕ್ರವಾರದ ಹೊತ್ತಿಗೆ ಮಲ್ಕಾ ಎದ್ದು ಓಡಾಡುತ್ತಿದ್ದಳು. ಗಂಡಿನ ತಾಯಿ ಖುರ್ಷೀದ್ ಚಹಾ ಕುಡಿದು ಹುಡುಗಿಯನ್ನು ನೋಡಿದರು. ಯಾರೂ ಕೇಳಿರಲಿಲ್ಲ. ಅಕ್ಬರಿಯೇ ಬಾಯಿ ಬಿಟ್ಟಳು.

“ಒಂದ್ ವಿಷ್ಯ ಹೇಳ್ಬೇಕು. ಹುಡ್ಗಿಗೆ ಕಾಯ್ಲೆ ಗೀಯ್ಲೆ ಏನಿಲ್ಲ. ಆದ್ರೆ ಪೆನಿಸಿಲಿನ್ ಸೂಜಿ ಆಗಲ್ಲ, ಜೀವಕ್ಕೇ ಕುತ್ತು. ನಿಮ್ಮನೆಗೆ ಬಂದ್ರೆ ಇದೊಂದ್ ನೆನಪಿಟ್ಕೊಳ್ಳಿ.”

ಅತ್ತೆ ಸೆರಗಿನ ಮರೆಯಲ್ಲಿ ಅಕ್ಬರಿಯ ತೊಡೆ ಚಿವುಟಿದರು. ಖುರ್ಷೀದ್ ಲೋಟ ಕೆಳಗಿಟ್ಟರು.

“ಹೇಳಿದ್ದು ಒಳ್ಳೇದಾಯ್ತಮ್ಮ. ನನ್ ಮಗ ಗಯಾಸ್‌ಗೆ ಯಾವ್ದು ಆಗುತ್ತೆ ಯಾವ್ದು ಆಗಲ್ಲ, ಹೆತ್ತೋಳು ನಂಗೇ ಗೊತ್ತಿಲ್ಲ. ಆ ಕ್ಲಿನಿಕ್ಕಲ್ಲಿ ಚಿಕ್ಕಬಾಣಾವರದೋರ್ನೂ ಬರ್ಕೋತಾರಾ?”

ಸೋಮವಾರ ಅಕ್ಬರಿ ಮನೆಮಂದಿಯನ್ನೆಲ್ಲ ಕ್ಲಿನಿಕ್ಕಿಗೆ ಎಳೆದೊಯ್ದಳು. ಮೊಯಿನುದ್ದೀನ್ ಅಂಗಡಿಗೆ ಬೀಗ ಹಾಕಿ ಬಂದ. ಅತ್ತೆಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ. “ನೀನೇ ಅಂದಾಜಲ್ಲಿ ಹಾಕ್ಕೊಳಮ್ಮ, ಜಾಸ್ತಿ ಮಾತ್ರ ಹಾಕ್ಬೇಡ,” ಎಂದರು.

ಓದುವವರೇ, ಕೇಳುವವರೇ, ನಿಮ್ಮ ಊರಿನ ಕ್ಲಿನಿಕ್ಕಿಗೂ ಇಂಥ ಯಂತ್ರ ಬರಬಹುದು. ಅದಕ್ಕೆ ಹೆದರಬೇಡಿ, ಪೂಜೆಯನ್ನೂ ಮಾಡಬೇಡಿ. ನಿಮ್ಮ ಹೆಸರನ್ನೇ ಹೇಳಿ. ಹಿಂದೆ ಯಾವ ಔಷಧಿ ಮೈಗೆ ಒಗ್ಗಲಿಲ್ಲ ಎಂಬುದನ್ನು ಮನೆಯ ಹಿರಿಯರನ್ನು ಕೇಳಿಕೊಂಡು ಹೋಗಿ, ಅದನ್ನೂ ಬರೆಸಿ. ಒಬ್ಬರ ಚೀಟಿಯಲ್ಲಿ ಇನ್ನೊಬ್ಬರಿಗೆ ಔಷಧಿ ತರಬೇಡಿ. ಯಾರು ನೋಡುತ್ತಾರೋ ಎಂಬ ಅನುಮಾನವಿದ್ದರೆ ಅಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ. ಡಾಕ್ಟರು ಬದಲಾಗುತ್ತಾರೆ, ಚೀಟಿ ಹರಿಯುತ್ತದೆ. ಮುಂದೆ ಬರುವ ಡಾಕ್ಟರಿಗೆ ನಿಮ್ಮ ಮೈಯ ವಿಷಯ ತಿಳಿದಿರಬೇಕಾದರೆ, ಇವತ್ತೇ ಹೋಗಿ ಬರೆಸಿ.