ಕಡ್ಡಿಗೆ ನಿಂತ ಅಜೇಲಿಯಾ

ಉದಯಕುಮಾರ್ ಊಟಿಯಿಂದ ತಂದ ಐದು ಅಜೇಲಿಯಾ ಹೂಗಿಡಗಳ ಹೆಚ್ಚುಗಾರಿಕೆ ಇದ್ದದ್ದೇ ಅವು ಎತ್ತರ ಬೆಳೆಯದಿರುವುದರಲ್ಲಿ. ನೆಲದ ಮೇಲೆ ಚಾಪೆಯಂತೆ ಹರಡುವ ಜಾತಿ. ಚಿಕ್ಕಬಳ್ಳಾಪುರದ ಬೋರಿನ ಗಡಸು ನೀರು ಒಗ್ಗದೆಂದು, ಕಾಲೇಜು ಮೇಷ್ಟ್ರಾದ ಅವನು ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮೂರು ವರ್ಷ ಲೋಟದಲ್ಲಿ ಉಣಿಸಿದ್ದ. ಒಂದು ಹೂವೂ ಬಿಟ್ಟಿರಲಿಲ್ಲ.

"ರೀ, ಶಿವರಾತ್ರಿವರೆಗೂ ನೋಡ್ತೀನಿ," ಎಂದಿದ್ದಳು ಹೆಂಡತಿ ಶೋಭಾರಾಣಿ. "ಹೂ ಬಿಡ್ಲಿಲ್ವಾ, ಕಿತ್ತಾಕಿ ಕೊತ್ತಂಬರಿ ಚೆಲ್ತೀನಿ. ಸಾರಿಗಾದ್ರೂ ಆಗುತ್ತೆ."

ಹಬ್ಬಕ್ಕೆ ಹತ್ತು ದಿನವಿರುವಾಗ ತುದಿಗಳಲ್ಲಿ ಮೊಗ್ಗು ಕಂಡವು. ದೃಷ್ಟಿಯಾದೀತೆಂದು ಯಾರಿಗೂ ಹೇಳದೆ, ಉದಯಕುಮಾರ್ ಮಾರನೆಯ ದಿನ ಪರೀಕ್ಷೆ ಡ್ಯೂಟಿಗೆ ಗೌರಿಬಿದನೂರಿಗೆ ಹೋದ.

ಸಂಜೆ ಗೇಟು ತೆರೆದರೆ, ಐದೂ ಗಿಡಗಳು ಎನ್‌ಸಿಸಿ ಹುಡುಗರ ಹಾಗೆ ಅಟೆನ್ಷನ್‌ನಲ್ಲಿ ನಿಂತಿವೆ! ಸುತ್ತ ನೀಲಗಿರಿ ಕಡ್ಡಿ, ಕಡ್ಡಿಗೆ ಹುರಿ, ಹುರಿಗೆ ಗಂಟು. ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿದ ಮಾವ ವೆಂಕಟರವಣಪ್ಪ. ಚಿಂತಾಮಣಿ ಕಡೆ ಮೂವತ್ತು ವರ್ಷ ಟೊಮ್ಯಾಟೊ ಬೆಳೆದು, ಹಬ್ಬಕ್ಕೆಂದು ಮುಂಚೆಯೇ ಮಗಳ ಮನೆಗೆ ಬಂದಿದ್ದವರು. ರೇಟು ನೆಲಕಚ್ಚಿದರೆ ತಡೆದುಕೊಳ್ಳುತ್ತಿದ್ದರು. ಗಿಡ ನೆಲಕಚ್ಚಿದರೆ ಇಲ್ಲ.

"ಬನ್ನಿ ಅಳಿಯಂದ್ರೇ! ಪಾಪಂ, ಎಲ್ಲಾ ಬಿದ್ಕೊಂಡಿದ್ವು. ಇಷ್ಟು ಓದಿದೀರ, ಒಂದು ಕಡ್ಡಿ ಕೊಡಬಾರ್ದಾ?"

"ಮಾವ, ಬಿದ್ದಿರಲಿಲ್ಲ. ಅವು ಇರೋದೇ ಹಂಗೆ!"

"ಯಾರು ಹೇಳಿದ್ದು?"

"ನರ್ಸರಿಯವ್ರು."

"ಅದೇ ಮತ್ತೆ. ಕಡ್ಡಿ ತರಕ್ಕೆ ಸೋಮಾರಿತನ, ಅದಕ್ಕೆ ಹಂಗೇಳವ್ರೆ."

ಅಂದಿನಿಂದ ಉದಯಕುಮಾರ್ ದಿನವೂ ಕತ್ತರಿ ಹಿಡಿದು ಬರುವುದು, ಮಾವ ಅಡ್ಡ ನಿಲ್ಲುವುದು, ಕತ್ತರಿ ಒಳಗೆ ಹೋಗುವುದು ನಡೆದೇ ಇತ್ತು.

ಶಿವರಾತ್ರಿ ಬಂತು. ಮೊಗ್ಗುಗಳು ಬಾಯಿ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಶೋಭಾರಾಣಿ ಗುದ್ದಲಿ ಹಿಡಿದು ಅಂಗಳಕ್ಕಿಳಿದಳು. "ಇನ್ನೊಂದು ವಾರ ಕಣೇ," ಎಂದು ಉದಯಕುಮಾರ್ ಅಂಗಲಾಚಿದ. ಅವಳು ಸೆರಗು ಸಿಕ್ಕಿಸಿದಳು.

"ಏಮ್ಮಾ ಶೋಭಾ!" ಜಗಲಿಯಿಂದ ಮಾವನ ಗುಡುಗು. "ಗುದ್ದಲಿ ಕೆಳಗಿಡೇ! ನಾನು ಕಡ್ಡಿ ಕೊಟ್ಟ ಗಿಡಾನ ಬೆಳೆ ಮಧ್ಯದಲ್ಲಿ ಕೀಳ್ತೀಯಾ? ನಮ್ಮನೇಲಿ ಯಾವತ್ತಾದ್ರೂ ಹಂಗೆ ಮಾಡಿದ್ದುಂಟಾ?"

ಶೋಭಾರಾಣಿ ಗುದ್ದಲಿಯನ್ನೂ ಅಪ್ಪನನ್ನೂ ನೋಡಿದಳು. "ಸರಿ, ನೀನೇ ಸಾಕ್ಕೋ," ಎಂದು ಒಳಗೆ ಹೋದಳು.

ಉದಯಕುಮಾರ್ ಕತ್ತರಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. "ಮಾವ, ಆ ಮೂಲೇದು ಸ್ವಲ್ಪ ವಾಲಿದೆ. ಇನ್ನೊಂದು ಗಂಟು ಹಾಕಿ."

ನಾಲ್ಕನೆಯ ದಿನ ಐದೂ ಗಿಡಗಳು ಗುಲಾಬಿ ಬಣ್ಣದ ಹೂ ತುಂಬಿಕೊಂಡವು. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹೂವೇನೋ ಚೆನ್ನಾಗಿ ಹಿಡಿದೈತೆ ಅಳಿಯಂದ್ರೇ," ಎಂದರು. "ಕಾಯಿ ಯಾವಾಗ?"