ಗುರುವಾರಕ್ಕೊಬ್ಬ ತಮ್ಮ

ಮೂವತ್ತೆರಡು ವರ್ಷ ಊರಿನವರ ತಲೆಗಳ ಮೇಲೆ ಬಗ್ಗಿ ನಿಂತ ನನ್ನ ಸೊಂಟ ಒಂದು ಸೋಮವಾರ ಬೆಳಿಗ್ಗೆ ಮುಷ್ಕರ ಹೂಡಿತು. ಗಿರಾಕಿಯ ಬಲಗಿವಿಯ ಹಿಂದೆ ಕತ್ತರಿ ಆಡಿಸುತ್ತಿದ್ದವನು ಹಾಗೇ ಕುರ್ಚಿ ಹಿಡಿದು ನಿಂತುಬಿಟ್ಟೆ, ಅತ್ತ ಏಳಲೂ ಆಗದು, ಇತ್ತ ಕೂರಲೂ ಆಗದು. ಪುಣ್ಯಾತ್ಮ ಅರ್ಧ ಕತ್ತರಿಸಿದ ತಲೆಯಲ್ಲೇ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದ. ಇನ್ನರ್ಧವನ್ನು ಯಾರು ಕತ್ತರಿಸಿದರೋ ಗೊತ್ತಿಲ್ಲ, ಅವನು ಮತ್ತೆ ನನ್ನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಮೂಳೆಗೆ ಏನೂ ಆಗಿಲ್ಲ, ಸ್ನಾಯು ಸೋತಿದೆ ಎಂದ ಡಾಕ್ಟರು ನನ್ನನ್ನು ಮೇಲಿನ ಮಹಡಿಯ ಫಿಸಿಯೋ ಮೇಡಂ ಹತ್ತಿರ ಕಳಿಸಿದರು. ಸೊಂಟ ಹಿಡಿದವರನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸುವ ಬುದ್ಧಿ ಯಾರದೋ. ಮೇಡಂಗೆ ಮಾತು ಕಡಿಮೆ, ಕಣ್ಣು ಜಾಸ್ತಿ. ಆಕೆಯ ಕೂದಲನ್ನು ಯಾರೋ ಹಿಂದುಗಡೆ ಸೊಟ್ಟಗೆ ಕತ್ತರಿಸಿದ್ದರು. ಅದನ್ನು ನೋಡಿಯೂ ಸುಮ್ಮನಿರುವುದೇ ನನ್ನ ಮೊದಲ ವ್ಯಾಯಾಮವಾಯಿತು. ಉಳಿದದ್ದನ್ನು ಆಕೆ ಕಲಿಸಿದರು: ಅಂಗಾತ ಮಲಗಿ ಮಂಡಿ ಮಡಿಸಿ, ಸೊಂಟವನ್ನು ಅಡಿಯಲ್ಲಿ ಸಂದು ಉಳಿಯದಂತೆ ನೆಲಕ್ಕೆ ಒತ್ತಿ ಹತ್ತು ಎಣಿಸಬೇಕು, ಉಸಿರು ಮಾತ್ರ ಕಟ್ಟಬಾರದು. ಒಂದೊಂದೇ ಮಂಡಿಯನ್ನು ಎದೆಗೆ ತರಬೇಕು. ಮಲಗಿದಲ್ಲಿಂದ ನೇರ ಎದ್ದು ಕೂರಬಾರದು, ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಬಗ್ಗಿ ಕಾಲ್ಬೆರಳು ಮುಟ್ಟುವ ಶೂರತನ ಬೇಡವೇ ಬೇಡ. ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಮೂರು ವಾರದಲ್ಲಿ ಒಂದು ತಲೆ ಮುಗಿಸುವಷ್ಟು ಹೊತ್ತು ನಿಲ್ಲುವಂತಾದೆ. ಎರಡನೆಯ ತಲೆಗೆ ಸೊಂಟ ಒಪ್ಪುತ್ತಿರಲಿಲ್ಲ. ಬೆನ್ನಿಗೆ ಬಲ ಬರಬೇಕಾದರೆ ಇನ್ನೊಂದು ವ್ಯಾಯಾಮವಿದೆ, ಆದರೆ ಅವಸರ ಬೇಡ ಎಂದು ಮೇಡಂ ಅದನ್ನು ಒಮ್ಮೆ ತೋರಿಸಿದ್ದರು. ಅಂಗೈ, ಮಂಡಿ ಊರಿ ಅಂಬೆಗಾಲಲ್ಲಿ ನಿಂತು, ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚುವುದು. ಬೆನ್ನು ಮೇಜಿನಂತೆ ಸಮವಾಗಿರಬೇಕು. ಅವಸರ ಬೇಡ ಎಂದದ್ದನ್ನು ಅವಸರದಿಂದ ಮಾಡುವುದು ನನ್ನ ಜಾಯಮಾನ. ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ನನ್ನ ಕೋಣೆಯಲ್ಲಿ ಚಾಪೆ ಹಾಸಿ, ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿಯನ್ನು ಗೋಡೆಗೆ ಒರಗಿಸಿದೆ. ಕ್ಷೌರಿಕನಿಗೆ ಕನ್ನಡಿಯಲ್ಲಿ ಕಂಡದ್ದೇ ನಿಜ. ಬೆನ್ನು ಸಮವಿದೆಯೇ ಎಂದು ಕತ್ತು ತಿರುಗಿಸಿದೆ, ಕತ್ತಿನ ಹಿಂದೆ ಸೊಂಟವೂ ತಿರುಗಿತು. ಧಡಾರನೆ ಬಿದ್ದವನು ಒಂದು ಗಂಟೆ ಏಳಲಿಲ್ಲ.

ಮೇಡಂಗೆ ಹೇಳಿದಾಗ ಆಕೆ ಬೈಯಲೂ ಇಲ್ಲ, ನಗಲೂ ಇಲ್ಲ.

"ತನ್ನ ಬೆನ್ನು ತನಗೆ ಕಾಣಲ್ಲ ಅಂತಾರಲ್ಲ, ಅದು ಸುಮ್ನೆ ಅಲ್ಲ. ಮೊದಮೊದಲು ಯಾರಾದ್ರೂ ಸೊಂಟದ ಮೇಲೆ ಕೈ ಇಟ್ಟು ನೋಡ್ಬೇಕು. ಮನೇಲಿ ಯಾರಿದ್ದಾರೆ?"

ಮನೆಯಲ್ಲಿ ಯಾರೂ ಇರಲಿಲ್ಲ. ಆರು ವರ್ಷದ ಹಿಂದೆ ಅಮ್ಮ ಹೋದ ಮೇಲೆ ಆ ಕೋಣೆಯಲ್ಲಿ ನಾನು ಹೊದ್ದ ಹೊದಿಕೆ ನಾನೇ ಮಡಿಸಬೇಕು, ನಾನು ಕೆಮ್ಮಿದರೆ ನಾನೇ ಕೇಳಬೇಕು. 'ಯಾರೂ ಇಲ್ಲ' ಎನ್ನಲು ಎರಡು ಪದ ಸಾಕು. ಅವನ್ನು ನಾನು ಹೇಳಲಿಲ್ಲ. ನಾಚಿಕೆಯಾಯಿತು, ಅಷ್ಟೇ. ತಮ್ಮ ಇದ್ದಾನೆ ಎಂದುಬಿಟ್ಟೆ, ಸತ್ಯದ ತಲೆ ಮೇಲೆ ಹೊಡೆದಂತೆ. ಹಾಗಾದರೆ ಗುರುವಾರ ಅವನನ್ನು ಕರೆತನ್ನಿ, ಅವನಿಗೆ ಕಲಿಸದೆ ನಿಮಗೆ ಕಲಿಸುವುದಿಲ್ಲ ಎಂದರು ಮೇಡಂ. ಅಂದರೆ ತಮ್ಮ ಬರದಿದ್ದರೆ ದಿನಕ್ಕೊಂದೇ ತಲೆ, ಸಾಯುವವರೆಗೆ.

ಎರಡು ದಿನ ಊರಿನ ತಲೆಗಳನ್ನೆಲ್ಲ ಮನಸ್ಸಿನಲ್ಲೇ ತಡವಿದೆ. ಯಾರಿಗೆ ಎರಡು ಸುಳಿ, ಯಾರ ನೆತ್ತಿಯಲ್ಲಿ ಹಳೆಯ ಗಾಯ, ಯಾರು ಹೆಂಡತಿಗೆ ಗೊತ್ತಾಗದಂತೆ ಬಣ್ಣ ಹಚ್ಚಿಸುತ್ತಾರೆ, ಎಲ್ಲ ಬಲ್ಲೆ. ಎಷ್ಟೋ ಜನ ನನ್ನ ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ. ಆದರೆ ಒಂದು ಮಧ್ಯಾಹ್ನ ನನ್ನ ತಮ್ಮನಾಗಿ ಬಾ ಎಂದು ಕೇಳಬಹುದಾದ ಒಂದು ತಲೆಯೂ ಅದರಲ್ಲಿ ಸಿಗಲಿಲ್ಲ. ಇಷ್ಟು ವರ್ಷ ನಾನು ಎಲ್ಲರನ್ನೂ ಹಿಂದಿನಿಂದಲೇ ನೋಡಿದ್ದೆ ಅನ್ನಿಸಿತು.

ಉಳಿದವನು ಪಕ್ಕದ ಇಸ್ತ್ರಿಯವನು. ಊರೆಲ್ಲ ಅವನನ್ನು ಕರೆಯುವುದೂ ಹಾಗೆಯೇ. ಅವನ ಅಂಗಡಿಯೂ ನನ್ನದರಂತೆಯೇ, ಮುಂದೆ ಮೇಜು, ಹಿಂದೆ ವಾಸದ ಕೋಣೆ. ತಲೆ ಬೋಳು, ಹಾಗಾಗಿ ಗಿರಾಕಿಯೂ ಅಲ್ಲ. ಹನ್ನೊಂದು ವರ್ಷದ ಹಿಂದೆ ಅಂಗಡಿ ತೆರೆದ ಮೊದಲ ವಾರವೇ ಗಿರಾಕಿಗಳಿಗೆ ಹೊದಿಸುವ ನನ್ನ ಹೊಸ ಬಿಳಿ ಬಟ್ಟೆಯ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಅಚ್ಚು ಒತ್ತಿ ಕೊಟ್ಟಿದ್ದ. ಅಂದಿನಿಂದ ನಾನು ಮಾತು ಬಿಟ್ಟೆ. ಎದುರು ಸಿಕ್ಕರೆ ಅವನು ತಲೆಯಾಡಿಸುವುದು, ನಾನು ಆಕಾಶ ನೋಡುವುದು, ಇದೇ ನಮ್ಮ ಸ್ನೇಹ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂದು ಬುಧವಾರ ಅವನ ಮೇಜಿನ ಮುಂದೆ ಹೋಗಿ ನಿಂತೆ. ವಿಷಯವನ್ನು ಗುಟುಕು ಗುಟುಕಾಗಿ ಹೇಳಿ ಮುಗಿಸುವಷ್ಟರಲ್ಲಿ ಅವನು ಎರಡು ಅಂಗಿ ಮಡಿಸಿದ್ದ. ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ.

ಗುರುವಾರ ಅವನು ಗರಿಗರಿಯಾದ ಅಂಗಿ ತೊಟ್ಟು ಬಂದ. ಮೇಡಂ ಅವನನ್ನು ಕೂರಿಸಿಕೊಂಡು, ನಿಮ್ಮ ಅಣ್ಣ ದಿನವೂ ವ್ಯಾಯಾಮ ಮಾಡುತ್ತಾರಾ ಎಂದು ವಿಚಾರಣೆ ಶುರು ಮಾಡಿದರು. ತಮ್ಮನಾಗು ಎಂದಿದ್ದೆನೇ ಹೊರತು ಏನು ಹೇಳಬೇಕೆಂದು ಕಲಿಸಿರಲಿಲ್ಲ. ಅವನಿಗೆ ನನ್ನ ಬಗ್ಗೆ ಏನು ಗೊತ್ತು, ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡೆ.

"ಮಾಡ್ತಾರೆ ಮೇಡಂ. ನಾನಿರೋದು ಪಕ್ಕದ ಕೋಣೇಲಿ, ಗೋಡೆ ತೆಳು. ಆರೂಕಾಲಿಗೆ ಚಾಪೆ ಹಾಸ್ತಾರೆ. ನಾಲ್ಕರ ತನಕ ಜೋರಾಗಿ ಎಣಿಸ್ತಾರೆ, ಆಮೇಲೆ ಸದ್ದಿರಲ್ಲ. ಕೊನೇಲಿ ಒಂದೇ ಸಲ ಉಸ್ಸಂತಾರೆ."

ಉಸಿರು ಕಟ್ಟುತ್ತೀರಿ ಅಂದ ಹಾಗಾಯಿತು ಎಂದು ಮೇಡಂ ನನ್ನ ಕಡೆ ನೋಡಿದರು. ನಾನು ಅವನ ಕಡೆ ನೋಡುತ್ತಿದ್ದೆ.

ನಿದ್ದೆ ಹೇಗೆ ಎಂದು ಕೇಳಿದರು. ಒಂಬತ್ತೂವರೆಗೆ ದೀಪ ಆರುತ್ತದೆ, ಮಗ್ಗುಲು ಬದಲಿಸುವಾಗ ಮಂಚ ಕಿರ್ರೆನ್ನುತ್ತದೆ, ಈಗೀಗ ಮೊದಲಿನಷ್ಟಿಲ್ಲ ಎಂದ. ಅಮ್ಮ ಹೋದ ಮೇಲೆ ರೇಡಿಯೋ ಹಚ್ಚುವುದನ್ನು ಬಿಟ್ಟಿದ್ದಾರೆ ಎಂದ. ಆ ಕೋಣೆಯಲ್ಲಿ ನನ್ನ ಸದ್ದು ಯಾರಿಗೂ ಕೇಳುವುದಿಲ್ಲವೆಂದು ಆರು ವರ್ಷ ನಂಬಿದ್ದೆ.

"ಭಾನುವಾರ ಇವರು ಬಿದ್ರಲ್ಲ, ಆಗೆಲ್ಲಿದ್ರಿ ನೀವು?" ಎಂದರು ಮೇಡಂ.

"ಬಾಗಿಲಾಚೆ ನಿಂತಿದ್ದೆ. ಕನ್ನಡೀನ ಬೈಯೋದು ಕೇಳಿಸ್ತು, ಸದ್ಯ ಚೆನ್ನಾಗಿದ್ದಾರೆ ಅಂದ್ಕೊಂಡೆ. ಎದ್ದು ನೀರು ಬಗ್ಗಿಸ್ಕೊಳ್ಳೋ ತನಕ ಅಲ್ಲೇ ಇದ್ದೆ."

"ಒಳಗೆ ಹೋಗೋದಲ್ವಾ?"

"ನಮಗೆ ಮಾತಿಲ್ಲ ಮೇಡಂ. ಅವರ ಬಟ್ಟೆ ಸುಟ್ಟಿದ್ದೆ ನಾನು."

ಅಣ್ಣತಮ್ಮಂದಿರು ಎಲ್ಲ ಕಡೆಯೂ ಹೀಗೇ ಎಂದು ಗೊಣಗಿಕೊಂಡ ಮೇಡಂ ನನ್ನನ್ನು ಅಂಬೆಗಾಲಲ್ಲಿ ನಿಲ್ಲಿಸಿದರು. ಅವನ ಅಂಗೈಯನ್ನು ನನ್ನ ಸೊಂಟದ ಮೇಲೆ ಇಡಿಸಿ, ಬೆನ್ನು ಹಳ್ಳ ಬಿದ್ದರೆ ಕೈಗೆ ಗೊತ್ತಾಗುತ್ತದೆ, ಆಗ ಸಾಕು ಎನ್ನಿ ಎಂದು ಕಲಿಸಿದರು. ಒರಟು ಅಂಗೈ, ಬೆಚ್ಚಗಿತ್ತು. ದಿನಕ್ಕೆ ಹತ್ತು ಜನರ ತಲೆ ಮುಟ್ಟುತ್ತಿದ್ದ ನನ್ನನ್ನು ಆಸ್ಪತ್ರೆಯವರ ಹೊರತು ಇನ್ನೊಬ್ಬರು ಮುಟ್ಟಿ ಎಷ್ಟು ಕಾಲವಾಗಿತ್ತೋ. ಬಲಗೈ, ಎಡಗಾಲು ಚಾಚಿದೆ. ಅವನೇ ಎಣಿಸಿದ, ನಿಧಾನವಾಗಿ. ಮುಖ ನೆಲದ ಕಡೆಗಿದ್ದುದು ಒಳ್ಳೆಯದಾಯಿತು, ಎರಡು ಹನಿ ಚಾಪೆಗೆ ಬಿದ್ದದ್ದು ಯಾರಿಗೂ ಕಾಣಲಿಲ್ಲ. ಬೆನ್ನು ಅಲ್ಲಾಡಲಿಲ್ಲ.

ಹೊರಡುವ ಮುಂಚೆ ಮೇಡಂ ಒಂದು ಕಾಗದ ಕೊಟ್ಟರು. ಮನೆಯಲ್ಲಿ ನೋಡಿಕೊಳ್ಳುವವರು ಎಂಬ ಸಾಲಿನ ಮುಂದೆ ಅವನು ಹೆಸರು ಬರೆದು ಸಹಿ ಹಾಕಿದ. ಪಕ್ಕದಲ್ಲಿ ನಿಂತು ಓದಿದೆ. ಹನ್ನೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು, ಅವನ ಹೆಸರನ್ನು ಮೊದಲ ಸಲ ನೋಡಿದ್ದು ಆವತ್ತು. ಒಂಟಿ ಎಂದು ನನ್ನ ಮೇಲೆ ನಾನೇ ಮರುಕಪಟ್ಟಿದ್ದೆನೇ ಹೊರತು, ಅವನ ಕೋಣೆಯಿಂದ ಎಂದಾದರೂ ಎರಡನೆಯ ದನಿ ಕೇಳಿಸಿತ್ತೇ ಎಂದು ಕಿವಿಗೊಟ್ಟಿರಲಿಲ್ಲ.

ಅವನು ಮುಂದೆ, ನಾನು ಹಿಂದೆ ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆವು. ಆ ಹೆಸರಿನಿಂದ ಅವನನ್ನು ಕರೆದೆ. ಅವನು ತನ್ನ ಪಾಡಿಗೆ ಇಳಿಯುತ್ತಲೇ ಇದ್ದ, ಬೇರೆ ಯಾರನ್ನೋ ಕರೆದರು ಎಂಬಂತೆ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದೆ. ಆಗ ನಿಂತ. ತಿರುಗಿ ಓಗೊಡಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.