ಅರ್ಧ ಕ್ಷೌರ

ತಲೆಯೊಳಗಿನ ನಿಂಬೆಕಾಯಿ ಗಾತ್ರದ ಗಡ್ಡೆ ತೆಗೆಸಿಕೊಂಡು ಕ್ಷೌರಿಕ ಮತ್ತೆ ಅಂಗಡಿ ತೆರೆದು ಏಳು ತಿಂಗಳಾಗಿತ್ತು. ಗಡ್ಡೆ ಕೆಟ್ಟದ್ದಲ್ಲ, ಪೂರ್ತಿ ಹೋಗಿದೆ ಎಂದು ಡಾಕ್ಟರು ಹೇಳಿದ ದಿನ ಮನೆಯವರಿಗೆಲ್ಲ ಹೋದ ಜೀವ ಬಂದಂತಾಗಿತ್ತು. ಸಾವಿನ ಬಾಯಿಂದ ಬಂದವನು ತಲೆನೋವೆಂದು ಗೊಣಗುವುದು ಹೇಗೆ? ಅವನು ಬಾಯಿ ಹೊಲಿದುಕೊಂಡ.

ನೋವು ಮಾತ್ರ ಅವನಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು. ಬಲಗಿವಿಯ ಹಿಂದೆ, ಹೊಲಿಗೆ ಹಾಕಿದ ಜಾಗದಿಂದ ಹೊರಟು ಹುಬ್ಬಿನವರೆಗೆ ಬಿಗಿಯುತ್ತಿತ್ತು. ಗಿರಾಕಿಯ ಗದ್ದದತ್ತ ಬಗ್ಗಿದರೆ ಇಮ್ಮಡಿ. ಬಾಚಣಿಗೆಯ ಡಬ್ಬಿಯ ಹಿಂದೆ ನೋವಿನ ಮಾತ್ರೆ ಬಚ್ಚಿಟ್ಟುಕೊಂಡ. ಮೊದಲು ದಿನಕ್ಕೊಂದು, ಆಮೇಲೆ ಮೂರು, ಈಗ ಎಷ್ಟೆಂದು ಅವನಿಗೇ ಗೊತ್ತಿರಲಿಲ್ಲ.

"ಹೇಗಿದೆಯಪ್ಪಾ ತಲೆ?" ಎಂದು ಯಾರಾದರೂ ಕೇಳಿದರೆ, "ನಾನು ನಿಮ್ಮ ಗಡ್ಡ ತೆಗೀತೀನಿ, ಡಾಕ್ಟ್ರು ನನ್ನ ಗಡ್ಡೆ ತೆಗೆದ್ರು. ಸರಿ ಹೋಯ್ತಲ್ಲ" ಎಂದು ನಗಿಸುತ್ತಿದ್ದ.

ಒಂದು ಮಧ್ಯಾಹ್ನ ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರ ಎಡಗೆನ್ನೆ ಮುಗಿಸಿ ಬಲಕ್ಕೆ ಬಂದಾಗ ಕನ್ನಡಿಯ ಬೆಳಕು ಕಣ್ಣಿಗೆ ಚುಚ್ಚಿತು. ಕತ್ತಿ ಮಡಿಚಿಟ್ಟು, ಉದುರಿದ ಕೂದಲಿನ ನಡುವೆಯೇ ನೆಲಕ್ಕೆ ಕುಸಿದು ಕುಳಿತ. ಅಂಚೆಯವರು ಅರ್ಧ ಮುಖದ ನೊರೆಯಲ್ಲೇ ಓಡಿ, ಎರಡು ಮನೆಯಾಚೆಯಿಂದ ಅವನ ಹೆಂಡತಿಯನ್ನು ಕರೆತಂದರು. ನೀರಿನ ಲೋಟಕ್ಕೆ ತಡಕಾಡಿದ ಅವಳ ಕೈಗೆ ಸಿಕ್ಕಿದ್ದು ಒಂದು ಹಿಡಿ ಖಾಲಿ ಮಾತ್ರೆಪಟ್ಟಿ.

"ಏನ್ರೀ ಇದು? ನನಗೊಂದು ಮಾತು ಹೇಳೋಕೆ ಏನಾಗಿತ್ತು?"

"ಹೇಗೆ ಹೇಳ್ಲಿ? ಅತ್ತೂ ಅತ್ತೂ ಈಗ್ತಾನೇ ನೀನು ನಗೋಕೆ ಶುರು ಮಾಡಿದ್ದೆ."

ಅಂಚೆಯವರು ಗೋಡೆಯ ಕಡೆ ತಿರುಗಿ ನೊರೆ ಒರೆಸಿಕೊಂಡರು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಹೊಸ ಸ್ಕ್ಯಾನ್ ನೋಡಿ, "ಒಳಗೆಲ್ಲ ಚೆನ್ನಾಗಿದೆ" ಎಂದರು. ಅವನ ಮುಖ ಇನ್ನಷ್ಟು ಬಾಡಿತು. ಹೆಂಡತಿ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದಳು. ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಸ್ಕ್ಯಾನ್‌ನಲ್ಲಿ ಕಾಣಲ್ಲ ಅಂದ್ರೆ ನೋವಿಲ್ಲ ಅಂತಲ್ಲ. ಆಪರೇಷನ್ ಆದ ಕೆಲವರಿಗೆ ಇದು ತಿಂಗಳುಗಟ್ಟಲೆ ಉಳಿಯುತ್ತೆ, ಕೆಲವರಿಗೆ ವರ್ಷಗಟ್ಟಲೆ. ಅದರ ಮೇಲೆ ಇದನ್ನ ದಿನಾ ಹೀಗೆ ನುಂಗಿದ್ರೆ ಮಾತ್ರೆಯಿಂದಲೇ ತಲೆನೋವು ಬರುತ್ತೆ. ಇದು ಸಾಕು, ಬೇರೆ ಔಷಧಿ ಕೊಡ್ತೀನಿ."

"ಇದು ಬಿಟ್ರೆ ನೋವು ಹೋಗುತ್ತಾ?"

"ಮೊದಲು ಜಾಸ್ತಿ ಆಗುತ್ತೆ. ಆಮೇಲೆ ಕಮ್ಮಿ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ."

ಏಳು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ತನ್ನ ನೋವನ್ನು ನೋವೆಂದು ಒಪ್ಪಿದ್ದರು. ಅವನಿಗೆ ಅಳು ಬಂತು.

ಹತ್ತು ದಿನ ಪರದೆ ಎಳೆದ ಕೋಣೆಯಲ್ಲಿ ಬಿದ್ದುಕೊಂಡ. ವಾಂತಿ ಮಾಡಿದ, ಕಂಡಕಂಡವರ ಮೇಲೆ ಹರಿಹಾಯ್ದ. ಹೆಂಡತಿ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟಳು, ಸದ್ದಾಗದಂತೆ ಪಾತ್ರೆಗಳ ಕೆಳಗೆ ಬಟ್ಟೆ ಹಾಸಿದಳು. ಮೂರನೆಯ ವಾರದಲ್ಲೊಂದು ಬೆಳಿಗ್ಗೆ ಎಚ್ಚರಾದಾಗ ನೋವಿರಲಿಲ್ಲ. ಹತ್ತು ಗಂಟೆಗೆ ಬಂತು, ನಿಜ. ಆದರೂ ಮೂರು ಗಂಟೆ ಅವನದಾಗಿತ್ತು.

ಈಗ ಕುರ್ಚಿ ಎತ್ತರಿಸಿಕೊಂಡಿದ್ದಾನೆ, ಬಗ್ಗಬೇಕಿಲ್ಲ. ಅಂಗಡಿ ಬೆಳಿಗ್ಗೆ ಮಾತ್ರ. ವಾರಕ್ಕೆರಡು ದಿನ ಅದೂ ಆಗುವುದಿಲ್ಲ. ಅಂಥ ದಿನ ಬಾಗಿಲಿಗೆ ಅಂಟಿಸಲು ಅವನು "ಅನಿವಾರ್ಯ ಕಾರಣದಿಂದ" ಎಂದು ಬರೆದಿದ್ದ. ಹೆಂಡತಿ ಅದನ್ನು ಹರಿದುಹಾಕಿ ಬೇರೆ ಚೀಟಿ ಬರೆದಳು: "ಇವತ್ತು ತಲೆನೋವು. ನಾಳೆ ಬನ್ನಿ."

ಜನ ಓದಿಕೊಂಡು ಹೋಗುತ್ತಾರೆ. ಮರುದಿನ ಬರುತ್ತಾರೆ. ಗಡ್ಡ ಒಂದು ದಿನ ಹೆಚ್ಚು ಬೆಳೆದಿರುತ್ತದೆ, ಅಷ್ಟೇ.